ಬಾಣದ ಮೂಲ: ಬಂಡೆಪ್ಪ, ಕುಷಾಯಿಗೂಡ

ಬರೆದದ್ದು ಕಾರ್ಡಿನ ಹಿಂಬದಿಗೋ, ಮುಂಬದಿಗೋ?

ಹಿಂಬದಿಗೇ ಇರಬೇಕು. ಬುದ್ಧಿ ನೆಟ್ಟಗಿರುವ ಯಾರೂ ನಿಘಂಟಿನ ಕಾರ್ಡಿನ ಮುಂಬದಿಗೆ ಮನೆಯ ಮಾಳಿಗೆ ಸೋರುವ ವಿಷಯ ಬರೆಯುವುದಿಲ್ಲ. ಆದರೆ ಹಿಂಬದಿಗೆ ಬರೆದಿದ್ದರೆ ಕಾರ್ಡು ತಿರುಗಿಸಿದ ನೆನಪಿರಬೇಕಿತ್ತು. ತಿರುಗಿಸಿದ ನೆನಪಿಲ್ಲ. ತಿರುಗಿಸದೆ ಇದ್ದ ನೆನಪೂ ಇಲ್ಲ. ದಿಲ್‌ಸುಖ್‌ನಗರದಿಂದ ಹಿಮಾಯತ್‌ನಗರಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಆನಂದಕುಮಾರ, ಮೂರನೆಯ ಕೈ ಒಂದಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಆ ಕಾರ್ಡಿನ ಕಥೆ ತಿಳಿಯಬೇಕಾದರೆ ಅವನ ಕಂಪನಿಯ ಕಥೆ ತಿಳಿಯಬೇಕು. ಹೈದರಾಬಾದಿನಲ್ಲಿ ಇಡ್ಲಿ ಬಂಡಿಯವನೂ ತನ್ನ ಬಂಡಿಯ ಮೇಲೆ ಡಾಟ್ ಕಾಮ್ ಎಂದು ಬರೆಸಿಕೊಂಡಿದ್ದ ಕಾಲ ಅದು. ಇಪ್ಪತ್ತು ವರ್ಷ ಲಗ್ನಪತ್ರಿಕೆ ಮುದ್ರಿಸಿದ್ದ ಉಪೇಂದ್ರ ರಾವ್, ಒಂದು ಶುಭ ದಿನ ಪ್ರೆಸ್ಸಿನ ಬೋರ್ಡು ಇಳಿಸಿ 'ಶಬ್ದಶ್ರೀ ಇನ್ಫೋಟೆಕ್' ಎಂಬ ಬೋರ್ಡು ಏರಿಸಿದ. ಕನ್ನಡ ಪದಗಳ ಅರ್ಥ ಮತ್ತು ಮೂಲ ಎರಡನ್ನೂ ಹೇಳುವ ನಿಘಂಟಿನ ಸಿ.ಡಿ. ಮಾಡಿ ಶಾಲೆಶಾಲೆಗೂ ತಲುಪಿಸುವುದು ಅವನ ಸಂಕಲ್ಪ. ಉಪೇಂದ್ರ ರಾವ್ ತೆಲುಗಿನವ. ಕನ್ನಡದ ಮನೆಗಳಿಗೆ ಲಗ್ನಪತ್ರಿಕೆ ಮಾಡಿಕೊಟ್ಟೂ ಮಾಡಿಕೊಟ್ಟೂ ಕನ್ನಡ ಕಲಿತಿದ್ದ. ಹಾಗಾಗಿ ಅವನಿಗೆ ಬರುತ್ತಿದ್ದ ಕನ್ನಡವೆಲ್ಲ ಲಗ್ನಪತ್ರಿಕೆಯ ಕನ್ನಡ.

ಸಂದರ್ಶನದ ದಿನ ಅವನು, "ಪದಗಳ ಮೂಲ ತಮಗೆ ತಿಳಿದಿರುವುದೇ?" ಎಂದು ಕೇಳಿದ್ದ. ಕನ್ನಡ ಎಂ.ಎ. ಆದ ಆನಂದಕುಮಾರನಿಗೆ ಕೆಲವು ಗೊತ್ತು ಎನ್ನುವುದೋ, ಹೆಚ್ಚಿನವು ಗೊತ್ತಿಲ್ಲ ಎನ್ನುವುದೋ ತೀರ್ಮಾನವಾಗಲಿಲ್ಲ. ಅವನು ಸುಮ್ಮನೆ ಫ್ಯಾನು ನೋಡಿದ. ಫ್ಯಾನು ಒಂದಷ್ಟು ಸುತ್ತು ತಿರುಗಿತು. "ಚಾಲು, ಚಾಲು," ಎಂದ ಉಪೇಂದ್ರ ರಾವ್, ಸಾಕು ಸಾಕೆಂದು ಕೈಯೆತ್ತಿ. "ತಿಳಿದವರು ಮಾತನಾಡುವುದಿಲ್ಲ." ಮೂರು ತಿಂಗಳ ಪರೀಕ್ಷೆಯ ಮೇಲೆ ನೌಕರಿ ಸಿಕ್ಕಿತು. ಸಿ.ಡಿ. ಒಪ್ಪಿಗೆಯಾದರೆ ಕಾಯಂ. ಆಗದಿದ್ದರೆ ದಸರಾಕ್ಕೆ ಮುಂಚೆಯೇ ವಿದಾಯ. ಹೆಂಡತಿ ಭಾಗ್ಯಶ್ರೀ ಕೆಲಸ ಕಾಯಂ ಏನ್ರಿ ಎಂದು ಕೇಳಿದಾಗಲೂ ಆನಂದಕುಮಾರ ಫ್ಯಾನನ್ನೇ ನೋಡಿದ್ದ. ಅವಳು ಅದೇ ಸಂಜೆ ಆಳಂದದ ಕಡೆಯ ತನ್ನ ತವರಿಗೆ ಫೋನು ಮಾಡಿ, ಕಾಯಂ ಆತು ಎಂದು ಹೇಳಿಬಿಟ್ಟಳು. ಮಾವ ಸಂಗಣ್ಣ ಆ ಸಂತೋಷಕ್ಕೆ ಊರಿಗೆಲ್ಲ ಪೇಡೆ ಹಂಚಿ, ದಸರಾಕ್ಕೆ ಬರುವುದಾಗಿ ತಿಳಿಸಿದ್ದ.

ಇನ್ನು ಕಾರ್ಡು. ಒಂದು ಪದಕ್ಕೆ ಒಂದು ಕಾರ್ಡು. ಮೇಲೆ ಅರ್ಥ, ಕೆಳಗೆ ಮೂಲ. ಬರೆದ ಕಾರ್ಡುಗಳೆಲ್ಲ ಸಂಜೆಗೆ ಟೈಪಿಗೆ. ಆನಂದಕುಮಾರ 'ಅ'ದಿಂದ ಹೊರಟು ಮೊದಲ ವಾರವೇ 'ಅಂಬು' ಎಂಬಲ್ಲಿ ಎಡವಿದ. ಬಿಲ್ಲಿನಿಂದ ಬಿಡುವ ಆಯುಧ, ಸರಿ. ಮೂಲ? ಸ್ವಲ್ಪ ಹೊತ್ತು ಕಿಟಕಿ ನೋಡಿ, 'ಬಾಣ ನೋಡಿ' ಎಂದು ಬರೆದ. 'ಕಣೆ' ಬಂತು. ಬಾಣ ನೋಡಿ. 'ಕೋಲು' ಬಂತು, ಹಳೆಯ ಕಾವ್ಯಗಳಲ್ಲಿ ಅದೂ ಬಾಣವೇ. ಬಾಣ ನೋಡಿ. ಹೀಗೆ ಹಿಂದಿನ ಕಷ್ಟವನ್ನೆಲ್ಲ ಮುಂದಕ್ಕೆ ತಳ್ಳುತ್ತ ತಳ್ಳುತ್ತ ಬಂದವನಿಗೆ ಎರಡೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ 'ಬಾಣ'ವೇ ಎದುರಾಯಿತು. ನೋಡಿದ. ಅಲ್ಲಿ ನೋಡಲು ಏನೂ ಇರಲಿಲ್ಲ.

ಸಂಸ್ಕೃತದಿಂದ ಬಂದದ್ದು ಎಂದು ಬರೆಯಬಹುದಿತ್ತು. ಆದರೆ ಸಂಸ್ಕೃತಕ್ಕೆ ಎಲ್ಲಿಂದ ಬಂತು? ಅವನು ಪೆನ್ನು ಹಿಡಿದು ಕೂತಿರುವಾಗ ಭಾಗ್ಯಶ್ರೀಯ ಫೋನು ಬಂತು. "ಏನ್ರಿ, ಒಲಿ ಮ್ಯಾಲೇ ಸೋರಾಕತ್ತೈತಿ. ಸಾರಿಗೆ ನೀರು ನಾ ಹಾಕೂದ ಬ್ಯಾಡ, ಮಾಳಿಗಿನ ಹಾಕತೈತಿ. ನಮ್ಮೂರ ಬಂಡೆಪ್ಪ ಕಾಕಾ ಕುಷಾಯಿಗೂಡದಾಗ ಅದಾನ, ಮೇಸ್ತ್ರಿ. ಭಾನುವಾರ ಮುಂಜಾನಿ ಅಷ್ಟ ಸಿಗ್ತಾನ. ಬರಕೋರಿ, ಮರೀತೀರಿ."

ಆನಂದಕುಮಾರ ಬರೆದುಕೊಂಡ. ಮರೆಯಲಿಲ್ಲ. ಎಲ್ಲಿ ಬರೆದೆ ಎನ್ನುವುದನ್ನು ಮಾತ್ರ ಮರೆತ.

*

ಆಫೀಸಿನ ಬಾಗಿಲಲ್ಲೇ ಉಪೇಂದ್ರ ರಾವ್ ನಿಂತಿದ್ದ. "ಆನಂದ್ ಗಾರು, ತಾವು ದಯಮಾಡಿ ನನ್ನ ಕ್ಯಾಬಿನ್ನಿಗೆ ಆಗಮಿಸಬೇಕಾಗಿ ವಿನಂತಿ."

ಕ್ಯಾಬಿನ್ನಿನ ಕಂಪ್ಯೂಟರಿನಲ್ಲಿ ನಿಘಂಟು ತೆರೆದಿತ್ತು.

ಬಾಣ (ನಾ.) ಬಿಲ್ಲಿನಿಂದ ಬಿಡುವ ಆಯುಧ. ಮೂಲ: ಬಂಡೆಪ್ಪ, ಕುಷಾಯಿಗೂಡ. ಭಾನುವಾರ ಮುಂಜಾನೆ ಮಾತ್ರ ಸಿಗುತ್ತಾರೆ.

ಆನಂದಕುಮಾರ ಹೊರಗೆ ಟೈಪು ಮಾಡುತ್ತಿದ್ದ ಸತ್ಯಭಾಮಾ ಕಡೆ ನೋಡಿದ. ಅವಳು ಲಗ್ನಪತ್ರಿಕೆಯ ಕಾಲದಿಂದಲೂ ಇದ್ದವಳು. ಒಮ್ಮೆ ಒಂದು ಪತ್ರಿಕೆಯಲ್ಲಿ, ಪೆನ್ಸಿಲಿನಿಂದ ಬರೆದಿದ್ದ ಹೆಸರೊಂದನ್ನು ಯಾರೋ ಗೀಚಿದ್ದಿರಬೇಕೆಂದು ಬಿಟ್ಟಿದ್ದಳು. ಅದು ಹುಡುಗಿಯ ಸೋದರಮಾವನ ಹೆಸರು. ಮುಹೂರ್ತ ಎರಡು ಗಂಟೆ ನಿಂತಿತ್ತು. ಅಂದಿನಿಂದ ಕಾಗದದ ಮೇಲೆ ಏನಿದ್ದರೂ ಟೈಪು ಮಾಡುವುದು ಅವಳ ವ್ರತ.

"ಉನ್ನದಿ ಉನ್ನಟ್ಟು ಸರ್," ಎಂದಳು ಅವಳು, ಇದ್ದದ್ದು ಇದ್ದ ಹಾಗೆ ಎಂಬುದನ್ನು ತೆಲುಗಿನಲ್ಲಿ, ಹೆಮ್ಮೆಯಿಂದ. "ಒಕ್ಕ ಅಕ್ಷರಂ ಬಿಟ್ಟಿಲ್ಲ."

ಅವಳು ಬಿಟ್ಟಿರಲಿಲ್ಲ. ಅಂಬು ಹುಡುಕಿದವರು, ಕಣೆ ಹುಡುಕಿದವರು, ಕೋಲು ಹುಡುಕಿದವರು ಎಲ್ಲರೂ ಬಾಣಕ್ಕೆ ಬಂದು, ಅಲ್ಲಿಂದ ನೇರ ಕುಷಾಯಿಗೂಡದಲ್ಲಿ ಇಳಿಯುತ್ತಿದ್ದರು.

ನೌಕರಿ ಹೋಯಿತು ಎಂದುಕೊಂಡ ಆನಂದಕುಮಾರ. ಪೇಡೆ ಹಂಚಿದ ಮಾವನ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಉಪೇಂದ್ರ ರಾವ್ ಒಂದು ಫ್ಯಾಕ್ಸನ್ನು ಎರಡೂ ಕೈಯಿಂದ ಕೊಟ್ಟ. ಸಿ.ಡಿ. ಶಾಲೆಗಳಿಗೆ ಯೋಗ್ಯವೋ ಅಲ್ಲವೋ ಎಂದು ಹೇಳಬೇಕಾದ ಸಲಹಾ ಸಮಿತಿಯ ಅಧ್ಯಕ್ಷರು, ಕಲಬುರಗಿಯ ನಿವೃತ್ತ ಪ್ರಾಧ್ಯಾಪಕ ಸಿದ್ದರಾಮಪ್ಪನವರು, ತಮಗೆ ಕಳಿಸಿದ್ದ ಮಾದರಿ ಪುಟಗಳನ್ನು ನೋಡಿ ಬರೆದದ್ದು.

'ನಮ್ಮ ನಿಘಂಟುಕಾರರು ಇದುವರೆಗೆ ಒಬ್ಬರದನ್ನೊಬ್ಬರು ಕದ್ದಿದ್ದಾರೆ. ಮಾಹಿತಿ ಕೊಟ್ಟವರ ಹೆಸರು, ವಾಸಸ್ಥಳ, ಅವರು ಸಿಗುವ ವೇಳೆ ಮೂರನ್ನೂ ಪ್ರಾಮಾಣಿಕವಾಗಿ ಕೊಟ್ಟ ನಿಘಂಟನ್ನು ಇದೇ ಮೊದಲು ನೋಡಿದೆ. ಬಾಣ ಎಂಬ ಪದದ ಹುಟ್ಟಿನ ಮೇಲೆ ನಲವತ್ತು ವರ್ಷ ದುಡಿದಿದ್ದೇನೆ. ಬಂಡೆಪ್ಪನವರ ಹೆಸರು ಕೇಳಿಲ್ಲದಿರುವುದು ನನ್ನ ದುರ್ದೈವ. ಭಾನುವಾರದ ತನಕ ಕಾಯಲಾರೆ. ಶುಕ್ರವಾರ ಬರುತ್ತಿದ್ದೇನೆ. ಅವರನ್ನು ಕರೆಸಿರಿ. ಒಪ್ಪಿಗೆಯ ವಿಚಾರ ಅವರನ್ನು ಕಂಡ ಮೇಲೆ.'

"ಈ ಬಂಡೆಪ್ಪನವರು ಎಲ್ಲಿ ಕೆಲಸ ಮಾಡುವರು?" ಉಪೇಂದ್ರ ರಾವ್ ದನಿ ತಗ್ಗಿಸಿ ಕೇಳಿದ.

"ಮಾಧಾಪುರದ ಕಡೆ ಸರ್. ಆ ದೊಡ್ಡ ದೊಡ್ಡ ಗಾಜಿನ ಕಟ್ಟಡ ಅದಾವಲ್ಲ..."

"ಹೈಟೆಕ್. ಎಷ್ಟನೆಯ ಅಂತಸ್ತು?"

"ಎಲ್ಲಾ ಅಂತಸ್ತಿನಾಗೂ ಮಾಡ್ಯಾರ್ರಿ."

"ಕೈಕೆಳಗೆ ಎಷ್ಟು ಮಂದಿ ಇರುವರು?"

"ಹನ್ನೆರಡು ಮಂದಿ. ಸ್ಲ್ಯಾಬು ಹಾಕೋ ದಿವಸ..." ಎಂದು ಆನಂದಕುಮಾರ ನಿಜ ಹೇಳಲು ಬಾಯಿ ತೆರೆದ.

"ಇಷ್ಟು ದೊಡ್ಡವರು, ನಮಗೆ ಉಚಿತವಾಗಿ ಒಂದು ಪದ ಕೊಟ್ಟರು," ಎಂದು ಉಪೇಂದ್ರ ರಾವ್ ಕಣ್ಣು ಒರೆಸಿಕೊಂಡ. ಅಳುವವನ ಮುಂದೆ ಸ್ಲ್ಯಾಬಿನ ಮಾತು ಮುಂದುವರಿಸುವುದು ಸಭ್ಯತೆಯಲ್ಲ ಎಂದು ಆನಂದಕುಮಾರ ಬಾಯಿ ಮುಚ್ಚಿದ. ಅವನು ಕೊಟ್ಟ ಒಂದೊಂದು ಉತ್ತರವೂ ಸತ್ಯವಾಗಿತ್ತು. ಎಲ್ಲ ಸೇರಿ ಹೇಗೆ ಸುಳ್ಳಾದವು ಎಂಬುದು ಅವನಿಗೆ ಹೊಳೆಯಲಿಲ್ಲ.

*

ಅಂದು ಕತ್ತಲಾದ ಮೇಲೆ ಕುಷಾಯಿಗೂಡದಲ್ಲಿ ಬಂಡೆಪ್ಪ ಮನೆಯ ಮುಂದೆ ಕೂತು ಕರಣೆಗೆ ಅಂಟಿದ ಸಿಮೆಂಟು ಕೆರೆಯುತ್ತಿದ್ದ. ಅರವತ್ತರ ಆಸುಪಾಸಿನ ಗಟ್ಟಿ ಮನುಷ್ಯ. ಅವನ ಹೆಂಡತಿ ಗದಿಗೆಮ್ಮ, ಊರ ಅಳಿಯ ಬಂದನೆಂದು ಒಳಗೆ ಹೋಗಿ ಒಳ್ಳೆಯ ಲೋಟ ಹುಡುಕಿ ಚಹಾ ತಂದಳು.

"ಮಾಳಿಗಿದು ಭಾಗ್ಯಾ ಹೇಳ್ಯಾಳ," ಎಂದ ಬಂಡೆಪ್ಪ. "ಭಾನುವಾರ ಬರ್ತೀನ್ರಿ ಅಳಿಯಾರ. ಅಲ್ಲೀತನಕ ಬಿರುಕಿನಾಗ ಒಂದು ಅರಬಿ ಚಿಂದಿ ತುರುಕ್ರಿ."

"ಅದಲ್ಲ ಕಾಕಾ. ಶುಕ್ರವಾರ ನಮ್ಮ ಆಫೀಸಿಗೆ ಬರಬೇಕು."

"ಅಲ್ಲೂ ಸೋರತೈತೇನು?"

ಆನಂದಕುಮಾರ ಚಹಾದ ಲೋಟ ನೋಡಿದ.

"ಸೋರತೈತಿ ಅಂತನ ತಿಳ್ಕೊ," ಎಂದಳು ಗದಿಗೆಮ್ಮ ಗಂಡನಿಗೆ. "ಅಳಿಯಾರು ಸುಮ್ಮನ ಕುಂತಾರಂದ್ರ ಭಾಳ ಸೋರಾಕತ್ತಿರಬೇಕು."

"ಹಂಗಲ್ಲ ಅತ್ತಿ. ಕಾಕಾನ ಹೆಸರು ಕಂಪ್ಯೂಟರಿನಾಗ ಬಂದೈತಿ."

ಬಂಡೆಪ್ಪ ಕರಣೆ ಕೆಳಗಿಟ್ಟ. "ರೇಷನ್ ಕಾರ್ಡಿನಾಗಿಂದ ನನ್ನ ಹೆಸರು ಕಂಪ್ಯೂಟರ್ ತಿಂದು ಎರಡು ವರ್ಷ ಆತು. ನಿಮ್ಮಲ್ಲಿ ಬಂದು ಕುಂತೈತೇನು?"

ಆಫೀಸಿಗೊಬ್ಬ ದೊಡ್ಡವರು ಬರುತ್ತಾರೆ, ಬಾಣದ ವಿಷಯ ಕೇಳುತ್ತಾರೆ, ತಿಳಿದದ್ದು ಹೇಳಿದರೆ ಸಾಕು ಎಂದಷ್ಟೇ ಆನಂದಕುಮಾರ ಹೇಳಿದ. ಬಾಣ ಎಂದ ಕೂಡಲೆ ಬಂಡೆಪ್ಪನ ಮುಖ ಅರಳಿತು. ಆಳಂದದ ಕಡೆಯಿಂದ ಬಂದು ಕುಷಾಯಿಗೂಡದಲ್ಲಿ ನೆಲೆಸಿದ ಮನೆಗಳವರು ವಿಜಯದಶಮಿಯ ಸಂಜೆ ಅಲ್ಲಿಯ ಬನ್ನಿ ಮರಕ್ಕೆ ಪೂಜೆ ಮಾಡಿ, ಆಕಾಶಕ್ಕೊಂದು ಬಾಣ ಬಿಟ್ಟು, ಆಮೇಲೆ ಬನ್ನಿ ಎಲೆ ಕೊಟ್ಟು ತಗೊಂಡು ಬಂಗಾರದಂಗ ಇರೋಣು ಎನ್ನುತ್ತಿದ್ದರು. ಆ ಬಾಣ ಬಂಡೆಪ್ಪನೇ ಮಾಡಬೇಕು, ಬಂಡೆಪ್ಪನೇ ಬಿಡಬೇಕು. ಅದು ಅವನ ಮಾನ.

"ದಸರಾಕ್ಕ ಇನ್ನ ಎರಡು ವಾರ ಐತಿ," ಎಂದ. "ಆದ್ರೂ ದೊಡ್ಡವರು ಕೇಳ್ಯಾರಂದ್ರ ಒಂದು ಮಾಡಿ ತರ್ತೀನಿ. ನೀವು ಬಂದು ಕರಕೊಂಡು ಹೋಗ್ರಿ. ನನಗ ಹಿಮಾಯತ್‌ನಗರದಾಗ ದಿಕ್ಕು ತಿಳಿಯಂಗಿಲ್ಲ."

*

ಮರುದಿನ ಉಪೇಂದ್ರ ರಾವ್ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದ. ಕೆಂಪು ಕಾರ್ಡು, ಬಂಗಾರದ ಅಕ್ಷರ, ಮೇಲೆ ಗಣಪತಿ. ಹಳೆಯ ಮಾದರಿಯಲ್ಲಿ ಅಗತ್ಯವಿದ್ದಷ್ಟನ್ನು ಮಾತ್ರ ಬದಲಿಸಿದ್ದರಿಂದ ಅದು ಹೀಗೆ ಬಂದಿತ್ತು: 'ಕುಷಾಯಿಗೂಡದ ವಿದ್ವಾಂಸರಾದ ಚಿ. ಬಂಡೆಪ್ಪನವರನ್ನು ಕಲಬುರಗಿಯ ಸಿದ್ದರಾಮಪ್ಪನವರೊಂದಿಗೆ ಗುರುಹಿರಿಯರು ನಿಶ್ಚಯಿಸಿದಂತೆ ಬೆಳಿಗ್ಗೆ 10-40ರ ಶುಭ ಮುಹೂರ್ತದಲ್ಲಿ ಭೇಟಿ ಮಾಡಿಸುವುದಾಗಿದೆ. ಸಕುಟುಂಬ ಸಪರಿವಾರ ಆಗಮಿಸಿ ಉಭಯತ್ರರನ್ನೂ ಹರಸಬೇಕಾಗಿ ವಿನಂತಿ.'

ಕಟ್ಟಡದ ಎಲ್ಲರಿಗೂ ಹಂಚಿದ್ದಾಯಿತು. ಕೆಳಗಿನ ಸೀರೆ ಅಂಗಡಿಯವರು, ಎದುರಿನ ಕಣ್ಣಿನ ಡಾಕ್ಟರು, ಮೇಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಬರುವುದಾಗಿ ಒಪ್ಪಿದರು. ಡಾಕ್ಟರು ಮಾತ್ರ ಹುಡುಗಿಯ ಹೆಸರು ಬಿಟ್ಟುಹೋಗಿದೆ ಎಂದು ಸೂಕ್ಷ್ಮವಾಗಿ ಸೂಚಿಸಿದರು.

ಶುಕ್ರವಾರ ಬೆಳಿಗ್ಗೆ ಕುಷಾಯಿಗೂಡದ ಬಸ್ ನಿಲ್ದಾಣದಲ್ಲಿ ಬಂಡೆಪ್ಪ ತೊಳೆದ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿ ನಿಂತಿದ್ದ. ಹೆಗಲಿಗೆ ಬಿದಿರಿನ ಬಿಲ್ಲು. ಇರಲಿ ಎಂದು ಒಂದು ಕರಣೆಯನ್ನೂ ತಂದಿದ್ದ. ಹಳೆಯ ಪೇಪರಿನಲ್ಲಿ ಸುತ್ತಿದ ಬಾಣವನ್ನು ಆನಂದಕುಮಾರನ ಕೈಗೆ ಕೊಟ್ಟು, "ಜ್ವಾಕಿ ಅಳಿಯಾರ. ಎಂಟು ಕಡ್ಡಿ ನೋಡಿ ಇದೊಂದು ಆರಿಸೀನಿ," ಎಂದ.

ಬಸ್ಸು ಬಂತು. ನಿಲ್ಲುವ ಮೊದಲೇ ಜನ ಮುತ್ತಿದರು. ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವುದು ಆ ಊರಿನ ಅಲಿಖಿತ ಕಾನೂನು. ಕರ್ಚೀಫು ಬಿದ್ದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಆನಂದಕುಮಾರ ಜೇಬಿಗೆ ಕೈ ಹಾಕಿದ. ಕರ್ಚೀಫು ಇರಲಿಲ್ಲ. ಅದು ಬುಧವಾರದಿಂದ ಅವನ ಅಡುಗೆಮನೆಯ ಮಾಳಿಗೆಯ ಬಿರುಕಿನಲ್ಲಿತ್ತು. ವಯಸ್ಸಾದ ಕಾಕಾ ಅಷ್ಟು ದೂರ ನಿಂತು ಬರಬಾರದೆಂಬ ಒಳ್ಳೆಯ ಮನಸ್ಸಿನಿಂದ ಅವನು ಕೈಯಲ್ಲಿದ್ದ ಪೇಪರಿನ ಸುರುಳಿಯನ್ನೇ ಕಿಟಕಿಯೊಳಗೆ ಇಳಿಬಿಟ್ಟು ಸೀಟಿನ ಮೇಲೆ ಮಲಗಿಸಿದ. ಆಮೇಲೆ ಬಾಗಿಲಿನಿಂದ ಏರಿ, ನೂಕಿಸಿಕೊಂಡು, ತಿರುಗಿಸಿಕೊಂಡು, ಹಿಂದಿನವನ ಮೊಣಕೈಗೆ ಸಿಕ್ಕಿ, ಸರಿಯಾಗಿ ಆ ಸೀಟಿನ ಮೇಲೆಯೇ ಕುಕ್ಕರಿಸಿದ.

ಚಟ್ ಎಂದಿತು.

ಮೊದಲು ತನ್ನ ಮೊಣಕಾಲು ಎಂದುಕೊಂಡ. ಎದ್ದು ಪೇಪರು ಸರಿಸಿ ನೋಡಿದ. ಕಡ್ಡಿ ಮುರಿದಿರಲಿಲ್ಲ. ಹಿಂಬದಿಯಲ್ಲಿ, ಗರಿ ಕಟ್ಟಿದ ಜಾಗದ ಹತ್ತಿರ, ಬೆರಳುದ್ದ ಸೀಳಿತ್ತು. ಒಂದು ಎಳೆಯಷ್ಟು. ಬಂಡೆಪ್ಪ ಜನರನ್ನು ಸರಿಸಿಕೊಂಡು ಹತ್ತಿರ ಬರುತ್ತಿದ್ದ.

"ಸೀಟು ಸಿಕ್ತೇನ್ರಿ?"

"ಕೂಡ್ರಿ ಕಾಕಾ," ಎಂದ ಆನಂದಕುಮಾರ, ಪೇಪರು ಮೊದಲಿನ ಹಾಗೆಯೇ ಸುತ್ತುತ್ತ.

*

ಸಿದ್ದರಾಮಪ್ಪನವರು ಕರಿ ಕೋಟು, ಬಿಳಿ ಟೋಪಿ ಹಾಕಿಕೊಂಡು, ಬಾಣದ ಮೇಲಿನ ತಮ್ಮ ಪ್ರಬಂಧವನ್ನು ಕಂಕುಳಲ್ಲಿ ಅವುಚಿ ಕೂತಿದ್ದರು. ಬಂಡೆಪ್ಪನನ್ನು ಕಂಡವರೇ ಎದ್ದು ನಿಂತರು. ಸೀರೆ ಅಂಗಡಿಯವರು ಅಕ್ಷತೆ ಹಾಕಬೇಕೇನೋ ಎಂದು ಆಚೀಚೆ ನೋಡಿದರು. ಉಪೇಂದ್ರ ರಾವ್ ಶಾಲು ಹೊದಿಸಿದ. ಬಂಡೆಪ್ಪ ಶಾಲು ಹೊದ್ದು, ಕತ್ತೆತ್ತಿ, ಆಫೀಸಿನ ಮಾಳಿಗೆಯನ್ನು ನಾಲ್ಕೂ ಮೂಲೆಗೆ ಕಣ್ಣಾಡಿಸಿ ನೋಡಿದ.

"ಎಷ್ಟು ನಿರ್ಲಿಪ್ತರು," ಎಂದು ಸಿದ್ದರಾಮಪ್ಪನವರು ಪಕ್ಕದ ಡಾಕ್ಟರಿಗೆ ಪಿಸುಗುಟ್ಟಿದರು. ಆಮೇಲೆ ಕೈಮುಗಿದು, "ಬಂಡೆಪ್ಪನವರ, ನಾ ನೇರ ವಿಷಯಕ್ಕ ಬರ್ತೀನಿ. ಬಾಣ ಎಲ್ಲಿಂದ ಬಂದದ್ದು?"

"ಕೆರಿ ದಂಡಿಯಿಂದ್ರಿ," ಎಂದ ಬಂಡೆಪ್ಪ.

ಸತ್ಯಭಾಮಾ ಅದನ್ನು ಟೈಪು ಮಾಡಿದಳು.

"ಬಿಡಿಸಿ ಹೇಳ್ರಿ."

"ಬಿಡಿಸಾಕ ಏನೈತ್ರಿ? ಬಾಣ ಅಂದ್ರ ಹುಲ್ಲಿನ ಕಡ್ಡಿ. ಜೊಂಡು. ಒಳಗ ಪೊಳ್ಳು, ಹೊರಗ ಗಟ್ಟಿ. ಕೊಯ್ದು ನೆಳ್ಳಾಗ ಒಣಗಿಸಿ ಹಿಂದ ಗರಿ ಕಟ್ಟಿದ್ರ ಬಾಣ ಆಗತೈತಿ. ಕಟ್ಟಲಿಲ್ಲಂದ್ರ ಚಾಪಿ ಹೆಣೀತಾರ."

ಆನಂದಕುಮಾರನ ತಲೆಯಲ್ಲಿ ಏನೋ ಕದಲಿತು. ಶರ ಎಂದರೂ ಒಂದು ಜಾತಿಯ ಹುಲ್ಲೇ, ಬಾಣವೂ ಹೌದು. ಕೋಲೂ ಕಡ್ಡಿಯೇ. ಹಳೆಯ ಸಂಸ್ಕೃತ ಕೋಶವೊಂದರಲ್ಲಿ ಬಾಣ ಎಂಬುದಕ್ಕೆ ಜೊಂಡಿನ ದಂಟು ಎಂದೂ ಅರ್ಥ ಕೊಟ್ಟದ್ದನ್ನು ಎಂ.ಎ. ಓದುವಾಗ ನೋಡಿದ ಹಾಗಿತ್ತು. ಕೆರೆಯ ದಂಡೆಯ ಒಂದು ಕಡ್ಡಿ, ಅಷ್ಟೇ. ಎರಡೂವರೆ ತಿಂಗಳು 'ಬಾಣ ನೋಡಿ' ಎಂದು ಬರೆದವನಿಗೆ ಮೊದಲ ಸಲ ಬಾಣ ಕಾಣಿಸಿತು. ಅವನು ಹೇಳಲು ಬಾಯಿ ತೆರೆದ.

"ಅದು ವಸ್ತು," ಎಂದರು ಸಿದ್ದರಾಮಪ್ಪನವರು, ಮುಖ ಸಪ್ಪಗೆ ಮಾಡಿ. "ನಾ ಹೆಸರಿನ ಮಾತು ಆಡಾಕತ್ತೀನಿ. ಸದ್ದು ಮಾಡು ಎಂಬ ಧಾತುವಿನಿಂದ ಬಾಣ ಬಂತು. ಹಾರುವಾಗ ಸದ್ದು ಮಾಡತೈತಿ, ಅದಕ್ಕ ಬಾಣ."

ಆನಂದಕುಮಾರ ಬಾಯಿ ಮುಚ್ಚಿದ. ಬಂಡೆಪ್ಪ ಮುಚ್ಚಲಿಲ್ಲ.

"ಬಾಣ ಸಪ್ಪಳ ಮಾಡಂಗಿಲ್ರಿ."

"ಮಾಡತೈತಿ."

"ಸಪ್ಪಳ ಮಾಡಿದ್ರ ಹಕ್ಕಿ ಹಾರಿ ಹೋಗತೈತಿ. ಸಪ್ಪಳ ಮಾಡೋ ಬಾಣ ಯಾಂವ ಮಾಡ್ತಾನ? ನಲವತ್ತು ವರ್ಷ ಬಾಣ ಮಾಡೀನ್ರಿ, ಒಂದೂ ಸಪ್ಪಳ ಮಾಡಿಲ್ಲ."

"ನಲವತ್ತು ವರ್ಷ ಬಾಣದ ಮ್ಯಾಲ ಬರದೀನಿ. ಮಾಡಲೇಬೇಕು."

ಸಿದ್ದರಾಮಪ್ಪನವರು ಪ್ರಬಂಧವನ್ನು ಚೀಲಕ್ಕೆ ಹಾಕತೊಡಗಿದರು. ಉಪೇಂದ್ರ ರಾವ್‌ಗೆ ಮಂಟಪದಿಂದ ಬೀಗರು ಎದ್ದು ಹೊರಟಂತಾಯಿತು. "ಉಭಯ ಕಡೆಯ ಹಿರಿಯರು ದಯಮಾಡಿ ಕುಳಿತುಕೊಳ್ಳಬೇಕು," ಎಂದು ಬೇಡಿಕೊಂಡ. "ಊಟದ ವ್ಯವಸ್ಥೆ ಇರುವುದು."

"ಊಟ ಯಾಕ್ರಿ? ಬಿಟ್ಟ ತೋರಿಸ್ತೀನಿ," ಎಂದು ಬಂಡೆಪ್ಪ ಬಿಲ್ಲು ಎತ್ತಿಕೊಂಡ. "ಅಳಿಯಾರ, ಕಡ್ಡಿ ಕೊಡ್ರಿ."

ಆನಂದಕುಮಾರ ಪೇಪರು ಬಿಡಿಸಿದ. ಬಾಣ ಕೊಡುವಾಗ ಸೀಳು ತನ್ನ ಅಂಗೈ ಕಡೆಗೆ ಬರುವಂತೆ ಹಿಡಿದುಕೊಂಡ. ಬಂಡೆಪ್ಪ ಅದನ್ನು ನೋಡಲಿಲ್ಲ. ಅವನ ಕಣ್ಣು ಪ್ರಾಧ್ಯಾಪಕರ ಮೇಲಿತ್ತು.

ಕಿಟಕಿ ತೆರೆದರು. ಹದಿನಾರು ಜನ ಉಸಿರು ಹಿಡಿದು ನಿಂತರು. ಎದುರಿನ ಕಟ್ಟಡಗಳ ಮೇಲಿನ ಖಾಲಿ ಆಕಾಶಕ್ಕೆ ಗುರಿಯಿಟ್ಟು ಬಂಡೆಪ್ಪ ಹೆದೆ ಎಳೆದು ಬಿಟ್ಟ.

ಸುಂಯ್ಯ್ಯ್ ಎಂದಿತು ಬಾಣ. ಸಣ್ಣಗೆ ಅಲ್ಲ. ಕುಕ್ಕರಿನ ಸೀಟಿಯ ಹಾಗೆ. ಹಿಮಾಯತ್‌ನಗರದ ಅಷ್ಟೂ ಹಾರ್ನುಗಳ ನಡುವೆಯೂ ಕೇಳಿಸುವ ಹಾಗೆ ಕೂಗಿಕೊಂಡು ಹೋಗಿ, ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದಲೂ ಕೂಗುತ್ತ ಕೆಳಗೆ ಇಳಿಯಿತು.

ಸಿದ್ದರಾಮಪ್ಪನವರ ಟೋಪಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. "ಕೇಳಿದ್ರೇನು?" ಎಂದರು, ಕಣ್ಣಲ್ಲಿ ನೀರು. "ಎಲ್ಲಾರೂ ಕೇಳಿದ್ರೇನು?"

ಬಂಡೆಪ್ಪ ತನ್ನ ಬಿಲ್ಲನ್ನೇ ನೋಡುತ್ತಿದ್ದ.

ಎರಡು ನಿಮಿಷಕ್ಕೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಟ್ರಾಫಿಕ್ ಕಾನ್‌ಸ್ಟೇಬಲ್ ಒಳಗೆ ಬಂದ. ಒಂದು ಕೈಯಲ್ಲಿ ಅವನ ಸರ್ಕಾರಿ ಛತ್ರಿ, ಛತ್ರಿಯ ನಡುಮಧ್ಯದಲ್ಲಿ ನೆಟ್ಟಗೆ ಬಾಣ.

"ಯೇ ತೀರ್ ಕಾಂ ಸೆ ಆಯಾ ಜೀ?"

ಬಾಣ ಎಲ್ಲಿಂದ ಬಂತು ಎಂದು ನಲವತ್ತು ವರ್ಷ ಸಿದ್ದರಾಮಪ್ಪನವರನ್ನು ಕಾಡಿದ ಪ್ರಶ್ನೆ ದಖನಿಯಲ್ಲಿ ಬಂದು ಎದುರು ನಿಂತಿತ್ತು. ಕಣ್ಣಿನ ಡಾಕ್ಟರು ಬಂಡೆಪ್ಪನತ್ತ ಬೆರಳು ತೋರಿಸಿದರು. ಸೀರೆ ಅಂಗಡಿಯವರು ತೋರಿಸಿದರು. ಹದಿನೈದೂ ಬೆರಳು ಅವನನ್ನೇ ತೋರಿಸಿದವು.

"ನಾಮ್?"

"ಬಂಡೆಪ್ಪ."

"ಕಾಂ ರಹತೆ?"

"ಕುಷಾಯಿಗೂಡ."

ಕಾನ್‌ಸ್ಟೇಬಲ್ ಜೇಬಿನಿಂದ ಪುಸ್ತಕ ತೆಗೆದು ಅಷ್ಟನ್ನೇ ಬರೆದುಕೊಂಡ. ಆನಂದಕುಮಾರ ಅವನ ಭುಜದ ಹಿಂದಿನಿಂದ ಇಣುಕಿದ. ನಿಘಂಟಿನಲ್ಲಿದ್ದದ್ದೇ ಅಲ್ಲಿಯೂ ಇತ್ತು. ಯಾವಾಗ ಸಿಗುತ್ತಾರೆ ಎಂಬುದೊಂದು ಬಿಟ್ಟುಹೋಗಿತ್ತು. ಅದನ್ನು ಸತ್ಯಭಾಮಾ ತಾನಾಗಿ ಹೇಳಿ ಬರೆಸಿದಳು.

ಉಪೇಂದ್ರ ರಾವ್ ಕಾನ್‌ಸ್ಟೇಬಲ್‌ಗೂ ಒಂದು ಶಾಲು ಹೊದಿಸಿ, ಕೆಂಪು ಕಾರ್ಡು ಕೊಟ್ಟು, ಬಿರಿಯಾನಿಯ ಮುಂದೆ ಕೂರಿಸಿದ. ಅವನು ಕಾರ್ಡಿನ ಮೇಲಿನ ಗಣಪತಿ ನೋಡಿ, ಎರಡು ಮನೆತನದವರಿಗೂ ಶುಭ ಕೋರಿ, ಛತ್ರಿಯ ಮಾತು ಎತ್ತದೆ ಊಟ ಮಾಡಿದ. ಸಿದ್ದರಾಮಪ್ಪನವರು ಊಟಕ್ಕೂ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ನಿಘಂಟಿನಲ್ಲಿ ಅವರು ಹೇಳಿದ ಹಾಗೆ ತಿದ್ದುಪಡಿಯಾಯಿತು: 'ಹಾರುವಾಗ ಸದ್ದು ಮಾಡುವುದರಿಂದ ಬಾಣ. ಪ್ರತ್ಯಕ್ಷ ಪ್ರಮಾಣ: ಬಂಡೆಪ್ಪ, ಕುಷಾಯಿಗೂಡ. ಭಾನುವಾರ ಮುಂಜಾನೆ ಮಾತ್ರ ಸಿಗುತ್ತಾರೆ.'

ಸಂಜೆ ಆನಂದಕುಮಾರನಿಗೆ ಕಾಯಂ ಆದ ಆದೇಶ ಸಿಕ್ಕಿತು. ಬಂಗಾರದ ಅಕ್ಷರ, ಮೇಲೆ ಗಣಪತಿ. ಕೆಳಗೆ 'ಇಂತಿ ತಮ್ಮ ಆಗಮನಾಭಿಲಾಷಿ' ಎಂದಿತ್ತು.

*

ಭಾನುವಾರ ಮುಂಜಾನೆ, ನಿಘಂಟಿನಲ್ಲಿ ಹೇಳಿದ ಪ್ರಕಾರ, ಬಂಡೆಪ್ಪ ಸಿಕ್ಕಿದ. ದಿಲ್‌ಸುಖ್‌ನಗರಕ್ಕೆ ಬಂದು, ಏಣಿ ಹತ್ತಿ, ಮಾಳಿಗೆಯ ಬಿರುಕಿನಿಂದ ಕರ್ಚೀಫು ಎಳೆದು ಕೆಳಗೆ ಎಸೆದ. ಸಿಮೆಂಟು ಮೆತ್ತುತ್ತ ಮೆತ್ತುತ್ತ ಕೈ ನಿಲ್ಲಿಸಿದ.

"ಅಳಿಯಾರ, ಆ ಬಾಣ ಯಾಕ ಒದರಿತು?"

ಆನಂದಕುಮಾರ ಏಣಿ ಹಿಡಿದುಕೊಂಡು ಫ್ಯಾನು ನೋಡಿದ.

"ನಿನ್ನಿ ಹನ್ನೊಂದು ಕಡ್ಡಿ ಬಿಟ್ಟು ನೋಡಿದೆ. ಒಂದೂ ಉಸಿರು ಬಿಡವಲ್ದು. ನನ್ನ ಕೈ ಕೆಟ್ಟಿತೋ, ಛಲೋ ಆತೋ, ಅದ ತಿಳಿವಲ್ದು."

"ಛಲೋ ಆಗೈತಿ ಕಾಕಾ," ಎಂದಳು ಕೆಳಗಿನಿಂದ ಭಾಗ್ಯಶ್ರೀ. "ಕಂಪ್ಯೂಟರಿನಾಗ ಬಂದೈತಲ್ಲ."

ಸುದ್ದಿ ಕುಷಾಯಿಗೂಡವನ್ನೆಲ್ಲ ಸುತ್ತಿತು. ವಿಜಯದಶಮಿಯ ಸಂಜೆ ಬನ್ನಿ ಮರದ ಬುಡದಲ್ಲಿ ಹಿಂದೆಂದೂ ಸೇರದಷ್ಟು ಮಂದಿ ಸೇರಿದರು. ಊರಿನಿಂದ ಬಂದ ಸಂಗಣ್ಣ ಹೊಸ ಪಟಗಾ ಸುತ್ತಿ ನಡುವೆ ನಿಂತಿದ್ದ. "ನಮ್ಮ ಬಂಡೆಪ್ಪನ ಬಾಣ ಹಾಡತೈತಿ. ನನ್ನ ಅಳಿಯನ ಆಫೀಸಿನಾಗ ಪ್ರೂವ್ ಆಗೈತಿ," ಎಂದು ಗೊತ್ತಿಲ್ಲದವರಿಗೆಲ್ಲ ತಿಳಿಸುತ್ತಿದ್ದ. ಗದಿಗೆಮ್ಮ ಮುಂದಿನ ಸಾಲಿನಲ್ಲಿ ಕಿವಿಯ ಮೇಲಿನ ಸೆರಗು ಸರಿಸಿಕೊಂಡಳು. ಬಂಡೆಪ್ಪ ಹೆದೆ ಎಳೆದು ಬಿಟ್ಟ.

ಬಾಣ ಹೋಯಿತು. ಹೋದದ್ದು ಯಾರಿಗೂ ಕೇಳಿಸಲಿಲ್ಲ. ನೆಟ್ಟಗೆ, ನುಣ್ಣಗೆ, ನಲವತ್ತು ವರ್ಷ ಹೋದ ಹಾಗೆ ಹೋಗಿ ಕತ್ತಲಿಗೆ ಸೇರಿತು.

"ಕಡ್ಡಿ ಹಸಿ ಇರಬೇಕು," ಎಂದ ಸಂಗಣ್ಣ. ಬಂಡೆಪ್ಪ ಎರಡನೆಯದು ಬಿಟ್ಟ. ಮೂರನೆಯದು ಬಿಟ್ಟ. ಮಂದಿ ಕಿವಿಗೆ ಕೈ ಹಚ್ಚಿಕೊಂಡು, ಕತ್ತು ವಾರೆ ಮಾಡಿಕೊಂಡು ಕಾದರು. ಏಳನೆಯದೂ ಸದ್ದಿಲ್ಲದೆ ಹೋದ ಮೇಲೆ ಒಬ್ಬೊಬ್ಬರೇ ಬನ್ನಿ ಎಲೆ ಹಂಚಿಕೊಳ್ಳಲು ತಿರುಗಿದರು. ಬಂಡೆಪ್ಪ ಬಿಲ್ಲು ಕೆಳಗಿಟ್ಟು ಆನಂದಕುಮಾರನ ಹತ್ತಿರ ಬಂದ.

"ಅಳಿಯಾರ, ಖರೆ ಹೇಳ್ರಿ. ಆ ದಿವಸ ಕಡ್ಡಿ ನಿಮ್ಮ ಕೈಯಾಗಿತ್ತು. ನೀವು ಅದಕ್ಕೇನರೆ ಮಾಡಿದ್ರೇನು?"

ಆನಂದಕುಮಾರ ಅಂಗೈಯಲ್ಲಿದ್ದ ಬನ್ನಿ ಎಲೆಗಳನ್ನು ನೋಡಿದ. ಅಲ್ಲಿ ಫ್ಯಾನು ಇರಲಿಲ್ಲ. ಆಕಾಶ ನೋಡಿದ.

"ಏನೋ ಮಂತ್ರ ಹಾಕಿರಬೇಕು ಬಿಡು," ಎಂದಳು ಗದಿಗೆಮ್ಮ ಗಂಡನಿಗೆ ಮೆಲ್ಲಗೆ. "ಓದಿದವರು. ಹಂಗೆಲ್ಲಾ ಬಾಯಿ ಬಿಟ್ಟು ಹೇಳಂಗಿಲ್ಲ."

ಬಂಡೆಪ್ಪ ತಲೆಯಾಡಿಸಿ, ಬಗ್ಗಿ, ತನಗಿಂತ ಇಪ್ಪತ್ತೈದು ವರ್ಷ ಚಿಕ್ಕವನ ಕೈಗೆ ಎರಡೂ ಕೈಯಿಂದ ಬನ್ನಿ ಕೊಟ್ಟ. ಆನಂದಕುಮಾರ ತಗೊಂಡ, ತಾನೂ ಕೊಟ್ಟ, ಬಂಗಾರದಂಗ ಇರೋಣು ಕಾಕಾ ಎಂದ.

ಬಸ್ಸಿನಲ್ಲಿ ತಾನು ಆ ಬಾಣದ ಮೇಲೆ ಕೂತಿದ್ದೆ ಎಂದು ಮಾತ್ರ ಅವನು ಹೇಳಲಿಲ್ಲ.